ಅರ್ಧ ಇಂಚು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿ ಮೇಲೆ
ನನ್ನ ಟೈಲರಂಗಡಿ.
ಮದುವೆಯ ಕಾಲಕ್ಕೆ ಕುಪ್ಯ ಹೊಲಿಯುತ್ತೇನೆ,
ಉಳಿದ ಕಾಲಕ್ಕೆ ಯೂನಿಫಾರಂ, ಫಾಲ್, ಜಿಪ್ಪು.
ರಾತ್ರಿ, ಹಳೇ ಅಳತೆ ಪುಸ್ತಕದ ಹಿಂಬದಿಯಲ್ಲಿ
ಮುಗಿಲಾಳಿನ ಕತೆ ಬರೆಯುತ್ತೇನೆ.

ಅವನನ್ನು ಹುಟ್ಟಿಸಿದವಳು ನಾನಲ್ಲ.
ಯಾರೋ, ಯಾವುದೋ ಊರಲ್ಲಿ,
ಹದಿನೈದು ರೂಪಾಯಿಯ ಚಿತ್ರಪುಸ್ತಕಕ್ಕೆ ಬರೆದು
ಕೈ ತೊಳೆದುಕೊಂಡರು.
ಕಿರುಬೆರಳಲ್ಲಿ ರೈಲು ಎತ್ತುತ್ತಾನೆ,
ಬಂದೂಕಿನ ಗುಂಡನ್ನು ಹುರಿಗಡಲೆಯ ಹಾಗೆ ಅಗಿಯುತ್ತಾನೆ.
ಅದು ಲವಿನ್‌ಗೆ ಇಷ್ಟ, ನನಗಲ್ಲ.
ನಲವತ್ತೆರಡು ಸಂಚಿಕೆಗಳಲ್ಲಿ
ಅವನ ಮೇಲುಹೊದಿಕೆ ಹರಿದದ್ದು ಮೂವತ್ತು ಸಲ,
ಎಣಿಸಿದ್ದೇನೆ,
ಮುಂದಿನ ಪುಟದಲ್ಲಿ ಮತ್ತೆ ಹೊಸದು.
ಹೊಲಿದವರು ಯಾರು?
ಎರಡು ಚಿತ್ರಗಳ ನಡುವಿನ ಆ ಬಿಳಿ ಸಂದಿಯಲ್ಲಿ
ನನ್ನ ಮಿಷನ್ನು ತಂದಿಟ್ಟೆ.

ಅವನಿಗೆ ಯಾವ ಮಾತು ಕೊಡಲಿ?
ಪುಸ್ತಕದಲ್ಲಿ "ಹೆದರದಿರು, ನಾಗರಿಕನೇ!" ಅನ್ನುತ್ತಾನೆ.
ಭಾನುವಾರದ ಸಂತೆಯಲ್ಲಿ ಹಾಗಂದರೆ ಒಣಮೀನಿನವನೂ ನಕ್ಕಾನು.
ಕೊಡವ ತಕ್ಕ್ ಕೊಟ್ಟು ನೋಡಿದೆ,
ನನ್ನ ನಾಲಿಗೆಯಲ್ಲಿ ಅದು ಬಾಡಿಗೆಯದು.
ಕೊನೆಗೆ ನಮ್ಮ ಮನೆಯ ಅರೆಭಾಷೆ,
ಅದರಲ್ಲೂ ಒಂದೇ ಮಾತು:
"ಗೊತ್ಲೆ."

ಲವಿನ್ ಬಗ್ಗೆ ಬರೆಯಬಾರದು ಅಂದುಕೊಂಡಿದ್ದೆ.
ಆದರೆ ಹಾಳೆ ಮಗುಚಿದರೆ ಅಲ್ಲೇ ಅವನ ಅಳತೆ.
ಎದೆ ಇಪ್ಪತ್ತೆಂಟು, ತೋಳು ಹತ್ತೊಂಬತ್ತು,
ಕೆಳಗೆ ನನ್ನದೇ ಅಕ್ಷರ:
ಬೆಳೆಯೋ ಹುಡುಗ, ಒಳಮಡಿಕೆ ಎರಡಿಂಚು ಬಿಡಬೇಕು.

ಮೊದಲ ಕರಡಿನಲ್ಲಿ ಮುಗಿಲಾಳು ಹೊತ್ತಿಗೆ ಸರಿಯಾಗಿ ಬಂದ.
ಹಾತೂರಿನ ತಿರುವಿನಲ್ಲಿ ಜೀಪನ್ನು ಒಂಟಿ ಕೈಲಿ ಹಿಡಿದ.
ಮಕ್ಕಳು ಚಪ್ಪಾಳೆ ತಟ್ಟಿದರು,
ಎಲ್ಲರೂ ಸೇರಿ ಕಿತ್ತಳೆ ಸುಲಿದರು.
ಸುಳ್ಳಿಗೂ ಕಟಿಂಗ್ ಸರಿಯಿರಬೇಕು,
ಇದು ಹೆಗಲ ಮೇಲೆ ನಿಲ್ಲಲೇ ಇಲ್ಲ.
ಬಿಚ್ಚಿದೆ.
ಎರಡನೆಯದರಲ್ಲಿ ಬಾಬಿನ್ನಿನ ನೂಲಿನಂತೆ
ಕಾಲವನ್ನೇ ಹಿಂದಕ್ಕೆ ಸುತ್ತಿದ.
ಅದು ಅವನಿಗೆ ಬರುವುದಾದರೆ
ಎಲ್ಲರಿಗೂ ಸುತ್ತಿಕೊಡಬೇಕಾಗುತ್ತದೆ,
ಮಡಿಕೇರಿ ಆಸ್ಪತ್ರೆಯ ಮುಂದೆ ಸಾಲು ನಿಂತೀತು.
ಅದನ್ನೂ ಬಿಚ್ಚಿದೆ.

ಮೂರನೆಯದರಲ್ಲಿ ತಡವಾಗಿ ಬಂದ.
ಎಷ್ಟು ತಡ?
ಇದೊಂದಕ್ಕೇ ತಿಂಗಳು ಹಿಡಿಯಿತು.
ಗಂಟೆ ತಡವಾದರೆ ಅವನು ಕೆಟ್ಟವನಾಗುತ್ತಾನೆ,
ಕ್ಷಣ ತಡವಾದರೆ ಸಿನಿಮಾ ಆಗುತ್ತದೆ.
ನಾಲ್ಕು ನಿಮಿಷ ಇಟ್ಟೆ,
ಎರಡು ಕಾಜಾ ಹಾಕುವಷ್ಟು.

ಕಾಜಾ ಹಾಕುವ ನಬೀಸ ನನ್ನ ಒಬ್ಬಳೇ ಓದುಗಳು.
ಸೂಜಿಯನ್ನು ತುಟಿಯಲ್ಲಿಟ್ಟುಕೊಂಡೇ ಕೇಳಿದಳು:
"ಅಷ್ಟು ಶಕ್ತಿ ಇದ್ದೂ ತಡ ಯಾಕಕ್ಕಾ?
ಕಾರಣ ಬರೀಲೇ ಇಲ್ಲ ನೀವು."
ಬರೆದಿದ್ದೆ. ಮಂಜು, ಖಳನ ಬಲೆ,
ಇನ್ನೊಂದು ಊರಿನ ಬೆಂಕಿ.
ಮೂರನ್ನೂ ಕತ್ತರಿಸಿ ಚಿಂದಿ ಡಬ್ಬಕ್ಕೆ ಹಾಕಿದೆ.
ನನಗೂ ಯಾರೂ ಕಾರಣ ಕೊಟ್ಟಿರಲಿಲ್ಲ, ನಬೀಸ.

ಈಗ ಉಳಿದದ್ದು ಇಷ್ಟು.
ಅಂಗಡಿ ಮುಚ್ಚುವ ಹೊತ್ತಿಗೆ ಬರುತ್ತಾನೆ,
ಹಾರಿ ಅಲ್ಲ, ಮೆಟ್ಟಿಲು ಹತ್ತಿ,
ಹರಿದ ಹೊದಿಕೆಯನ್ನು ಪೇಪರಿನಲ್ಲಿ ಸುತ್ತಿಕೊಂಡು.
ಅಂಚು ಬಿಚ್ಚಿದರೆ ಒಳಮಡಿಕೆಯಲ್ಲಿ
ಎರಡಿಂಚು ಬಟ್ಟೆ, ಬಣ್ಣ ಮಾಸದೆ,
ಯಾರೋ ಬಿಟ್ಟಿದ್ದಾರೆ, ಬೆಳೆದಾನು ಅಂತ.
ಟೇಪು ಹಿಡಿದು ಬೆನ್ನ ಹಿಂದೆ ನಿಲ್ಲುತ್ತೇನೆ.
ಎಡ ಹೆಗಲು ಅರ್ಧ ಇಂಚು ಕೆಳಗಿದೆ.
"ಯಾವಾಗಿಂದ?"
"ಗೊತ್ಲೆ."

ಇಂಥವರಿಗೆ ಒಳಗಡೆ ಪ್ಯಾಡು ಇಡುತ್ತೇವೆ ನಾವು,
ಎರಡೂ ಸಮ ಕಾಣುತ್ತವೆ, ಯಾರಿಗೂ ತಿಳಿಯುವುದಿಲ್ಲ.
ಇಡಲೋ, ಇದ್ದ ಹಾಗೇ ಹೊಲಿಯಲೋ?
ವಿರಾಜಪೇಟೆಯ ಕೊನೇ ಬಸ್ಸು ಹಾರ್ನ್ ಹೊಡೆಯುತ್ತಿದೆ.
ಇವತ್ತಿಗೆ ಅಲ್ಲಿಗೇ ನಿಲ್ಲಿಸಿದ್ದೇನೆ.
ಅವನಿನ್ನೂ ಹಾಗೇ ನಿಂತಿದ್ದಾನೆ,
ಎರಡೂ ತೋಳು ಅಗಲಿಸಿಕೊಂಡು,
ಅಳತೆ ಮುಗಿಯಿತೋ ಇಲ್ಲವೋ ತಿಳಿಯದ ಹುಡುಗನ ಹಾಗೆ.